ಷರಾಯಿಯ ಹೆಗಲಪಟ್ಟಿ: ಕೆಲವು ಹೆಸರುಗಳ ಜಾಡು

ಷರಾಯಿ ಜಾರದಂತೆ ಹೆಗಲ ಮೇಲಿಂದ ಹಾಯಿಸಿ ಕಟ್ಟುವ ಜೋಡಿಪಟ್ಟಿಗೆ ಯುರೋಪಿನಲ್ಲಿರುವ ಹೆಸರುಗಳನ್ನು ವಿವರಿಸಲು ಭಾಷಾಕುಟುಂಬಗಳ ನಕ್ಷೆ ಅಷ್ಟಾಗಿ ನೆರವಾಗದು. ವಸ್ತುವೇ ಈಚಿನದು. ಲಂಡನ್ನಿನ ಆಲ್ಬರ್ಟ್ ಥರ್ಸ್ಟನ್ ಸಂಸ್ಥೆ ಇದರ ವ್ಯಾಪಾರ ಆರಂಭಿಸಿದ್ದು 1820ರಲ್ಲಿ. ಅಂದಿನ ಷರಾಯಿ ಸೊಂಟದಿಂದ ಬಹಳ ಮೇಲೆ ನಿಲ್ಲುತ್ತಿದ್ದುದರಿಂದ ಬೆಲ್ಟು ಅದಕ್ಕೆ ಒಗ್ಗುತ್ತಿರಲಿಲ್ಲ. ಹೊಸ ವಸ್ತುವಿಗೆ ಹೆಸರು ಸಿಕ್ಕಿದ್ದು ನೆರೆಯವರಿಂದ. ಅದಕ್ಕಿಂತ ಹೆಚ್ಚಾಗಿ ಕುದುರೆ ಲಾಯದಿಂದ.

ಲಾಯದ ಸಾಕ್ಷ್ಯವೇ ಎಲ್ಲಕ್ಕಿಂತ ಗಟ್ಟಿ. ಡೇನಿಷ್‌ನ 'ಸೇಲರ್', ಪೋಲಿಷ್‌ನ 'ಶೆಲ್ಕಿ', ಚೆಕ್‌ನ 'ಶ್ಲೆ', ಯಿಡ್ಡಿಷ್‌ನ 'ಶ್ಲೇಕೆಸ್' ಇವೆಲ್ಲ ಬಂಡಿ ಎಳೆಯುವ ಪಶುವಿಗೆ ತೊಡಿಸುವ ಮಿಣಿಯನ್ನು ಹೇಳುವ ಒಂದೇ ಜರ್ಮಾನಿಕ್ ಮೂಲಕ್ಕೆ ಸೇರುತ್ತವೆ. ಸ್ಲಾವಿಕ್ ಭಾಷೆಗಳು ಅದನ್ನು ಜರ್ಮನರಿಂದ ಪಡೆದವು. ಫ್ರೆಂಚಿನ 'ಬ್ರೆತೆಲ್' ಕೂಡ ಪ್ರಾಚೀನ ಜರ್ಮನ್‌ನಲ್ಲಿ ಲಗಾಮೇ ಆಗಿತ್ತು. ಫ್ರೆಂಚರ ಬಾಯಲ್ಲಿ ಹೆಗಲ ಹೊರೆಯ ಪಟ್ಟಿಯಾಗಿ, ಆಮೇಲೆ ಷರಾಯಿಗೆ ಇಳಿಯಿತು. ವಿಚಿತ್ರವೆಂದರೆ ಜರ್ಮನರು ಮಾತ್ರ ಈ ಆಸ್ತಿಯನ್ನು ಬಿಟ್ಟು, 'ಷರಾಯಿ ಹೊರುವುದು' ಎಂಬರ್ಥದ 'ಹೋಸೆನ್‌ಟ್ರೇಗರ್' ಎಂಬ ನೀರಸ ಸಮಾಸಕ್ಕೆ ತೃಪ್ತರಾದರು. ಸೆರ್ಬಿಯನ್ನರು ಅದರ ಬಾಲವನ್ನಷ್ಟೇ ಕತ್ತರಿಸಿಕೊಂಡು 'ತ್ರೇಗೆರಿ' ಎಂದರು. ಫಿನ್ನಿಷ್‌ನ 'ಹೆಂಕ್ಸೆಲಿತ್' ನೆರೆಯ ಸ್ವೀಡಿಷ್‌ನ 'ಹೆಂಗ್ಸ್ಲೆನ್' ಪದದ ತದ್ಭವ. ಎರಡು ಭಾಷೆಗಳಿಗೂ ಕುಲಸಂಬಂಧವಿಲ್ಲ.

ಸ್ಪೇನಿನ 'ತಿರಾಂತೆಸ್', ಅರ್ಜೆಂಟೀನಾದ 'ತಿರಾದೋರೆಸ್' ಎರಡರಲ್ಲೂ ಇರುವುದು ಎಳೆತ. ರಷ್ಯನ್ನರದೂ ಅದೇ ಕಲ್ಪನೆ, ಆದರೆ ಅವರ ಹಳೆಯ ಪದ 'ಪೊಮೊಚಿ' ನನಗೆ ಹೆಚ್ಚು ರುಚಿಸುತ್ತದೆ: ಅದು ಸಹಾಯ ಎಂಬ ಪದದ ಬಳಗದ್ದು, ನಡಿಗೆ ಕಲಿಯುವ ಮಗು ಬೀಳದಂತೆ ಹಿಡಿಯುವ ಪಟ್ಟಿಗೂ ಅದೇ ಹೆಸರಿತ್ತು.

ಇಂಗ್ಲಿಷಿನಲ್ಲಿ ಒಡಕಿದೆ. ಬ್ರಿಟನ್ನಿನ 'ಬ್ರೇಸಸ್' ಎರಡು ತೋಳು ಎಂಬರ್ಥದ ಹಳೆಯ ಫ್ರೆಂಚಿನಿಂದ ಬಂದದ್ದು. ಅಮೆರಿಕದ 'ಸಸ್ಪೆಂಡರ್ಸ್' ಬ್ರಿಟನ್ನಿನಲ್ಲಿ ಕಾಲುಚೀಲವನ್ನು ಹಿಡಿದಿಡುವ ಪಟ್ಟಿ. ನಮ್ಮಲ್ಲಂತೂ 'ಸಸ್ಪೆಂಡ್' ಎಂದೊಡನೆ ನೆನಪಾಗುವುದು ಅಮಾನತಾದ ನೌಕರನೇ. ಸ್ಕಾಟ್ಲೆಂಡಿನ 'ಗ್ಯಾಲಸಸ್' ಹುಟ್ಟಿದ್ದು ನೇಣುಗಂಬದ ಹೆಸರಿನಿಂದ. ತೂಗುವ ಗುಣವೊಂದೇ ಎರಡಕ್ಕೂ ಸಮಾನ. ಐರಿಷ್‌ನ 'ಗ್ಯಾಲಸಾಖಾ' ಅದರದೇ ರೂಪ. ಬಂಗಾಳಿಗಳು ಇದೇ ಪಟ್ಟಿಯನ್ನು 'ಗ್ಯಾಲಿಸ್' ಎನ್ನುತ್ತಾರೆ. ಲಂಡನ್ನಿನ ಶಿಷ್ಟ ಪದವನ್ನು ಬಿಟ್ಟು ಈ ಪ್ರಾಂತೀಯ ಪದವೇ ಅಲ್ಲಿ ನೆಲೆಸಿದ್ದಕ್ಕೆ, ಹೂಗ್ಲಿ ದಂಡೆಯ ಸೆಣಬಿನ ಗಿರಣಿಗಳಲ್ಲಿ ತುಂಬಿದ್ದ ಸ್ಕಾಟ್ಲೆಂಡಿನ ಡಂಡಿ ನಗರದ ಮೇಲ್ವಿಚಾರಕರನ್ನು ಕಾರಣವೆಂದು ಊಹಿಸುವುದು ಅಸಹಜವಲ್ಲ.