ಬರದ ಮಕ್ಕಳು ಮತ್ತು ಗೃಹಸಭೆ: ತುಮಕೂರು ಸೀಮೆಯ ಚರಿತ್ರೆಯಿಂದ ಒಂದು ಪಾಠ

ಮಕ್ಕಳಿಗೆ ದಯೆಯನ್ನೂ ವಿಶ್ವಾಸವನ್ನೂ ಕಲಿಸುವ ಮೊದಲ ಗುರುಗಳು ತಂದೆತಾಯಿಯರೇ ಎಂಬುದು ಧರ್ಮಸಭೆಯ ಪ್ರಾಚೀನ ಬೋಧನೆ. ಸಂತ ಪೌಲರು ತಿಮೊಥೇಯನ ವಿಶ್ವಾಸವನ್ನು ನೆನೆಯುವಾಗ ಅದರ ಮೂಲವನ್ನು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ಗುರುತಿಸುತ್ತಾರೆ (2 ತಿಮೊ 1:5). ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕುಟುಂಬವನ್ನು ಗೃಹಸಭೆಯೆಂದು ಕರೆಯಿತು. ಮರುವರ್ಷ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆಯಲ್ಲಿ ತಂದೆತಾಯಿಯರ ಈ ಹೊಣೆಯನ್ನು ಬೇರಾರೂ ಸುಲಭವಾಗಿ ತುಂಬಿಕೊಡಲಾರರೆಂದು ಎಚ್ಚರಿಸಿತು. ಹಾಗಾದರೆ ತಂದೆತಾಯಿಯರೇ ಇಲ್ಲವಾದ ಮಕ್ಕಳ ಗತಿಯೇನು? ಈ ಪ್ರಶ್ನೆಯನ್ನು ನಮ್ಮ ನಾಡಿನ ಚರಿತ್ರೆಯು ಒಮ್ಮೆ ಕ್ರೂರವಾಗಿಯೇ ಕೇಳಿತು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಇವು ತುಮಕೂರು ಜಿಲ್ಲೆಯ ಉತ್ತರದ ಒಣಸೀಮೆ. ಬಂಡೆಗುಡ್ಡಗಳ ನಡುವೆ ಕೆರೆಗಳನ್ನು ನೆಚ್ಚಿ, ಮಳೆಯನ್ನು ನಂಬಿ ರಾಗಿ ಬಿತ್ತುವ ಈ ನೆಲಕ್ಕೆ ಬರವೇನೂ ಹೊಸದಲ್ಲ. ಆದರೆ 1876ರಿಂದ 1878ರವರೆಗಿನ ಮಹಾಕ್ಷಾಮವು ಬೇರೆಯೇ ಬಗೆಯದು. ಜನರು ಅದನ್ನು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರವೆಂದು ಕರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಇತ್ತು. 1881ರಲ್ಲಿ ಅದು 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ನಾಡು ಬೆಳೆಯಬೇಕಾದಲ್ಲಿ ಎಂಟೂವರೆ ಲಕ್ಷಕ್ಕೂ ಮೀರಿ ಕುಗ್ಗಿತು. ಈ ಅಂಕಿಗಳ ಹಿಂದೆ ಒಲೆ ಆರಿದ ಮನೆಗಳಿವೆ, ಹೆತ್ತವರನ್ನು ಕಳೆದುಕೊಂಡು ಉಳಿದ ಮಕ್ಕಳಿದ್ದಾರೆ.

ಆ ಮಕ್ಕಳನ್ನು ಎತ್ತಿಕೊಂಡವರಲ್ಲಿ ಕ್ರೈಸ್ತ ಮಿಷನರಿಗಳೂ ಇದ್ದರು. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಬಾಲಕರಿಗೆ, ಹಾಸನದಲ್ಲಿ ಬಾಲಕಿಯರಿಗೆ ಅನಾಥಾಲಯಗಳನ್ನು ನಡೆಸಿದರು. ಕಥೋಲಿಕ ಸಭೆಯ ಪರವಾಗಿ ಪ್ಯಾರಿಸ್ ವಿದೇಶ ಮಿಷನ್ ಸಂಘದ ಗುರುಗಳು ಮಕ್ಕಳನ್ನು ಸಾಕಿದರು. ಅವರು ಅಷ್ಟಕ್ಕೇ ನಿಲ್ಲಲಿಲ್ಲ ಎಂಬುದು ನಮ್ಮ ಗಮನಕ್ಕೆ ಅರ್ಹವಾದ ಸಂಗತಿ. ಕ್ಷಾಮದ ಅನಾಥರಿಗಾಗಿ ಅವರು ಕೃಷಿಕೇಂದ್ರಗಳನ್ನು ತೆರೆದು, ಅವುಗಳ ಸುತ್ತ ಹಳ್ಳಿಗಳನ್ನು ಕಟ್ಟಿದರು. ಬೆಂಗಳೂರಿನ ಉತ್ತರಕ್ಕಿರುವ ಸಿಲುವೆಪುರ ಇಂಥದೊಂದು ಊರು.

ಅನಾಥಾಲಯ ಸಾಲದೆ ಊರೇಕೆ ಬೇಕಾಯಿತು? ಜೀವನೋಪಾಯವು ಒಂದು ಕಾರಣ, ನಿಜ. ಆದರೆ ಅದರಾಚೆಗೂ ಒಂದು ಅರ್ಥವನ್ನು ನಾವು ಕಾಣುತ್ತೇವೆ. ಅನಾಥಾಲಯವು ಅನ್ನ, ಅಕ್ಷರ, ಕಸುಬು, ಧರ್ಮೋಪದೇಶಗಳನ್ನು ಕೊಡಬಲ್ಲದು. ಆದರೆ ಬರದ ವರ್ಷದಲ್ಲಿ ತಂದೆಯು ತನ್ನ ಪಾಲಿನ ಮುದ್ದೆಯನ್ನು ಮುರಿದು ಬಾಗಿಲಿಗೆ ಬಂದವನಿಗೆ ನೀಡುವುದನ್ನು ಮಗು ಅಲ್ಲಿ ಕಾಣಲಾರದು. ತಾಯಿಯು ಜಗಳವಾಡಿದ ನೆರೆಯವಳ ಬಾಣಂತನಕ್ಕೆ ಹೋಗಿ ನಿಲ್ಲುವುದನ್ನೂ ಕಾಣಲಾರದು. ದಯೆಯು ಪ್ರಶ್ನೋತ್ತರದಲ್ಲಿ ಕಂಠಪಾಠವಾಗುವ ವಿಷಯವಲ್ಲ. ಅದಕ್ಕೆ ಒಂದು ಮನೆ ಬೇಕು. ಹೆತ್ತವರ ನಡೆಯನ್ನು ಹೆಚ್ಚು ಕಾಲ ಕಾಣದೆ ಬೆಳೆದವರೇ ಈ ಊರುಗಳಲ್ಲಿ ಮುಂದೆ ಹೆತ್ತವರಾಗಬೇಕಾಯಿತು.

ಇಲ್ಲಿ ಒಂದು ಕಠಿಣ ಪ್ರಶ್ನೆಯಿಂದ ನಾವು ಜಾರಿಕೊಳ್ಳಬಾರದು. ಹಸಿದ ಮಗುವಿಗೆ ಅನ್ನವನ್ನೂ ಸ್ನಾನದೀಕ್ಷೆಯನ್ನೂ ಒಂದೇ ಕೈ ನೀಡಿದಾಗ, ಆ ವಿಶ್ವಾಸ ಮಗುವಿನದೇ ಎಂದು ಹೇಗೆ ಹೇಳುವುದು? ಮಿಷನ್ನಿನ ದಾಖಲೆಪುಸ್ತಕದ ಸಂಖ್ಯೆಗಳು ಇದಕ್ಕೆ ಉತ್ತರವಾಗವು. ಅನ್ನವನ್ನು ಕೊಡುವ ಕೈ ಹಿಂತೆಗೆದ ಮೇಲೂ ಆ ಮಕ್ಕಳು ತಮ್ಮ ಮಕ್ಕಳಿಗೆ ಶಿಲುಬೆಯ ಗುರುತನ್ನು ಹಾಕಲು ಕಲಿಸಿದರೆ, ಅದೇ ಉತ್ತರ. ಹಸಿವಿನಲ್ಲಿ ಪಡೆದದ್ದನ್ನು ಸ್ವಾತಂತ್ರ್ಯದಲ್ಲಿ ತಮ್ಮದಾಗಿಸಿಕೊಳ್ಳುವ ಸ್ಥಳವೂ ಮನೆಯೇ.

ಇದಕ್ಕೆ ಪೂರಕವಾದ ಸಾಕ್ಷ್ಯ ಶ್ರೀರಂಗಪಟ್ಟಣದ ಸೆರೆಯಲ್ಲಿದೆ. 1784ರಲ್ಲಿ ಬಂಧಿತರಾದ ಕರಾವಳಿಯ ಕಥೋಲಿಕರು 1799ರವರೆಗೆ ತಮ್ಮ ಚರ್ಚುಗಳಿಂದಲೂ ಗುರುಗಳಿಂದಲೂ ದೂರವಾಗಿದ್ದರು. ಹಲವರು ಅಲ್ಲಿಯೇ ಮಡಿದರು, ಹಲವರು ಮತಾಂತರಕ್ಕೆ ಒಳಗಾದರು. ಆದರೂ ಬಿಡುಗಡೆಯ ನಂತರ ಊರಿಗೆ ಮರಳಿ ಚರ್ಚುಗಳನ್ನು ಮತ್ತೆ ಎಬ್ಬಿಸಿದ ಜನರಿದ್ದರು. ಹದಿನೈದು ವರ್ಷ ಬಲಿಪೂಜೆಯಿಲ್ಲದೆ ವಿಶ್ವಾಸ ಉಳಿದಿದ್ದರೆ ಅದು ಮನೆಮಂದಿಯ ನಾಲಗೆಯಲ್ಲಿಯೂ ನಡತೆಯಲ್ಲಿಯೂ ಉಳಿದಿರಬೇಕು. ಗುರುವಿಲ್ಲದೆಯೂ ಮನೆಯು ವಿಶ್ವಾಸವನ್ನು ಕೆಲಕಾಲ ಕಾಯಬಲ್ಲದು. ಮನೆಯಿಲ್ಲದೆ ಗುರುವಿನ ಶ್ರಮ ಬೇರೂರುವುದು ಬಹು ಕಷ್ಟ.

ಈ ಪಾಠ ಇಂದಿಗೂ ಸಲ್ಲುತ್ತದೆ. ಈ ನಾಲ್ಕು ತಾಲ್ಲೂಕುಗಳಿಂದ ದುಡಿಮೆಗಾಗಿ ಬೆಂಗಳೂರಿಗೆ ಹೋಗುವ ತಂದೆತಾಯಿಯರಲ್ಲಿ ಎಷ್ಟೋ ಮಂದಿ ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟಿರುತ್ತಾರೆ. ಇಲ್ಲಿ ಕ್ರೈಸ್ತ ಕುಟುಂಬಗಳು ವಿರಳ, ಚರ್ಚು ದೂರ. ಇಂಥಲ್ಲಿ ಸೇವೆಗೆ ಹೋಗುವ ಕಿರಿಯ ಗುರುಗಳು ಮಕ್ಕಳನ್ನು ಕೂಡಿಸಿ ಭಾನುವಾರದ ತರಗತಿಯನ್ನು ತೆರೆಯಲು ಆತುರಪಡುವುದು ಸಹಜ. ತರಗತಿ ಬೇಡವೆಂದು ನಾವು ಹೇಳುತ್ತಿಲ್ಲ. ಮೊದಲು ಆ ಅಜ್ಜಿಯ ಜಗಲಿಯ ಮೇಲೆ ಕುಳಿತು, ಆಕೆ ಮೊಮ್ಮಗುವಿಗೆ ಏನನ್ನು ಈಗಾಗಲೇ ಕಲಿಸುತ್ತಿದ್ದಾಳೆಂದು ಕೇಳಿರಿ. ಆಕೆಗೆ ಓದು ಬಾರದಿರಬಹುದು. ಭಿಕ್ಷುಕನನ್ನು ಬರಿಗೈಯಲ್ಲಿ ಕಳುಹಿಸದ, ಮಲಗುವ ಮುನ್ನ ಮಗುವಿನ ಹಣೆಯ ಮೇಲೆ ಶಿಲುಬೆ ಬರೆಯುವ ಆಕೆಯೇ ಆ ಧರ್ಮಕೇಂದ್ರದ ಲೋವಿ. ನಮ್ಮ ಉಪದೇಶವು ಆಕೆಯ ಕೆಲಸವನ್ನು ಬಲಪಡಿಸಲಿ.