ಹಿಮಮಾನವ: ಸಾಕ್ಷ್ಯಗಳ ಮತ್ತು ವಿವಾದಗಳ ಇತಿಹಾಸ

ಹಿಮಮಾನವ ಅಥವಾ ಯೇತಿ: ನೇಪಾಳ, ಟಿಬೆಟ್, ಸಿಕ್ಕಿಮ್, ಭೂತಾನಗಳ ಎತ್ತರದ ಕಣಿವೆಗಳಲ್ಲಿ ಇದೆಯೆಂದು ನಂಬಲಾದ, ಮೈತುಂಬ ಕೂದಲುಳ್ಳ, ಎರಡು ಕಾಲಿನಲ್ಲಿ ನಡೆಯುವ ಜೀವಿ. ಇದರ ದೇಹವಾಗಲಿ ಅಸ್ಥಿಪಂಜರವಾಗಲಿ ಯಾವ ಸಂಗ್ರಹಾಲಯದಲ್ಲೂ ಇಲ್ಲ. ಹಿಮದ ಮೇಲಿನ ಹೆಜ್ಜೆಗುರುತು, ಕಂಡವರ ಹೇಳಿಕೆ, ಬೌದ್ಧ ಗೊಂಪಗಳಲ್ಲಿ ಕಾಪಾಡಿಕೊಂಡು ಬಂದ ಅವಶೇಷ, ಕೂದಲು ಮತ್ತು ಮೂಳೆಯ ಚೂರು, ಈ ನಾಲ್ಕೇ ಬಗೆಯ ಸಾಕ್ಷ್ಯಗಳ ಮೇಲೆ ಸುಮಾರು ಎರಡು ಶತಮಾನಗಳ ವಾದ ನಿಂತಿದೆ. ಒಂದೊಂದು ಸಾಕ್ಷ್ಯವೂ ಎಲ್ಲಿ ಹುಟ್ಟಿತು, ಯಾರ ಕೈ ದಾಟಿತು, ದಾಟುವಾಗ ಏನು ಬದಲಾಯಿತು ಎಂಬುದು ಈ ಲೇಖನದ ವಿಷಯ. ಜನಪ್ರಿಯ ಬರಹಗಳಲ್ಲಿ ಗೊಂದಲವಾಗಿರುವ ಘಟ್ಟಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ಹೆಸರು

ಶೆರ್ಪಾ ಮತ್ತು ಟಿಬೆಟನ್ ಮಾತಿನಲ್ಲಿ ‘ಯೆ’ ಎಂದರೆ ಬಂಡೆಗಳ ಜಾಗ. ‘ತೆ’ ಎಂಬುದನ್ನು ಹಲವು ವಿದ್ವಾಂಸರು ಕರಡಿಯನ್ನು ಸೂಚಿಸುವ ಪದಕ್ಕೆ ಜೋಡಿಸುತ್ತಾರೆ. ಶೆರ್ಪಾಗಳು ಒಂದಕ್ಕಿಂತ ಹೆಚ್ಚು ‘ತೆ’ಗಳನ್ನು ಹೆಸರಿಸುತ್ತಾರೆ. ‘ಜು-ತೆ’ ದನಕರುಗಳ ಮೇಲೆ ಬೀಳುವ ದೊಡ್ಡ ಪ್ರಾಣಿ. ಅದು ಕಂದು ಕರಡಿ ಎಂಬುದಕ್ಕೆ ಈಗ ಹೆಚ್ಚಿನವರ ಒಪ್ಪಿಗೆಯಿದೆ. ‘ಮಿ-ತೆ’ ಮನುಷ್ಯನನ್ನು ಹೋಲುವಂಥದ್ದು.

ಜಗತ್ತಿಗೆ ತಲುಪಿದ ಹೆಸರು ಬೇರೆ. 1921ರ ಬ್ರಿಟಿಷ್ ಎವರೆಸ್ಟ್ ಸಮೀಕ್ಷಾ ತಂಡದ ನಾಯಕ ಚಾರ್ಲ್ಸ್ ಹೊವಾರ್ಡ್-ಬರಿ, 20,000 ಅಡಿಗೂ ಎತ್ತರದ ಲಕ್ಪಾ ಲಾ ಬಳಿ ದೊಡ್ಡ ಹೆಜ್ಜೆಗಳನ್ನು ಕಂಡರು. ಓಡುವ ತೋಳದ ಗುರುತು ಮೆದು ಹಿಮದಲ್ಲಿ ದೊಡ್ಡದಾಗಿ ಬರಿಗಾಲಿನ ಮನುಷ್ಯನ ಹೆಜ್ಜೆಯಂತೆ ಕಾಣುತ್ತದೆ ಎಂದು ಅವರು ಅಲ್ಲೇ ಅಂದಾಜಿಸಿದರು. ಹೊರೆಯಾಳುಗಳು ಮಾತ್ರ ‘ಮೆತೊ-ಕಾಂಗ್ಮಿ’ ಎಂದರು. ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಗೆ ಬರೆಯುತ್ತಿದ್ದ ಹೆನ್ರಿ ನ್ಯೂಮನ್, ಡಾರ್ಜಿಲಿಂಗ್‌ನಲ್ಲಿ ಹೊರೆಯಾಳುಗಳನ್ನು ಮಾತಾಡಿಸಿ ‘ಮೆತೊ’ ಪದಕ್ಕೆ ಹೊಲಸು ಎಂಬ ಅರ್ಥ ಹಿಡಿದು, ಕೊನೆಗೆ ‘ಅಬಾಮಿನಬಲ್ ಸ್ನೋಮ್ಯಾನ್’ ಎಂದು ಬರೆದರು. ಮೂಲದಲ್ಲಿ ಅದು ‘ಮಿ-ತೆ’ಯ ಒಂದು ರೂಪವಾಗಿದ್ದಿರಬಹುದು ಎಂಬುದು ಬಳಿಕದ ವಿವರಣೆ. ಕನ್ನಡದ ‘ಹಿಮಮಾನವ’ ಆ ಅಸಹ್ಯಸೂಚಕ ವಿಶೇಷಣವನ್ನು ಬಿಟ್ಟು, ಹಿಮದ ಮನುಷ್ಯ ಎಂಬರ್ಥದ ‘ಕಾಂಗ್ಮಿ’ಯನ್ನಷ್ಟೇ ಉಳಿಸಿಕೊಂಡಿದೆ. ಆದರೆ ‘ತೆ’ಯಲ್ಲಿದ್ದ ಕರಡಿಯ ಸುಳಿವು ನಮ್ಮ ಪದದಲ್ಲೂ ಉಳಿದಿಲ್ಲ, ವಾದ ಶುರುವಾಗುವ ಮೊದಲೇ ಹೆಸರು ಆ ಜೀವಿಯನ್ನು ಮಾನವನೆಂದು ಕರೆದಾಗಿದೆ.

ಆರಂಭದ ದಾಖಲೆಗಳು

ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಉಲ್ಲೇಖವೆಂದು ಸಾಮಾನ್ಯವಾಗಿ ಹೇಳುವುದು, ಕಠ್ಮಂಡುವಿನಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಪ್ರಾಣಿಶಾಸ್ತ್ರಜ್ಞ ಬ್ರಯಾನ್ ಹಾಡ್ಜ್‌ಸನ್ 1832ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ನಿಯತಕಾಲಿಕದಲ್ಲಿ ಬರೆದದ್ದನ್ನು. ಉದ್ದ ಕಪ್ಪು ಕೂದಲಿನ, ಬಾಲವಿಲ್ಲದ, ನೆಟ್ಟಗೆ ನಡೆಯುವ ಜೀವಿಯನ್ನು ಕಂಡ ಬೇಟೆಯಾಳುಗಳು ರಾಕ್ಷಸನೆಂದು ಹೆದರಿ ಓಡಿದರು ಎಂಬುದು ಅಲ್ಲಿನ ವಿವರ. ಇಲ್ಲಿ ಎರಡು ತಪ್ಪುಗಳು ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂದಿವೆ. ಹಾಡ್ಜ್‌ಸನ್ ಅದನ್ನು ಒರಾಂಗುಟಾನ್ ಎಂದು ತೀರ್ಮಾನಿಸಿದರು ಎನ್ನುವುದು ಒಂದು. ಅವರು ಆ ಊಹೆಯನ್ನು ಮುಂದಿಟ್ಟ ವಾಕ್ಯದಲ್ಲೇ ಬೇಟೆಯಾಳುಗಳ ಮಾತಿನ ನಿಖರತೆಯನ್ನು ಅನುಮಾನಿಸಿದ್ದಾರೆ. ಘಟನೆ ನಡೆದ ‘ಕಚಾರ್’ ಅನ್ನು ಅಸ್ಸಾಮಿನ ಕಚಾರ್ ಎಂದು ಓದುವುದು ಇನ್ನೊಂದು. ಹಾಡ್ಜ್‌ಸನ್ ಬರಹಗಳಲ್ಲಿ ಅದು ನೇಪಾಳದ ಉತ್ತರದ ಎತ್ತರ ಸೀಮೆಯ ಹೆಸರು.

ಲಾರೆನ್ಸ್ ವಾಡೆಲ್ 1899ರ ಪುಸ್ತಕದಲ್ಲಿ ಈಶಾನ್ಯ ಸಿಕ್ಕಿಮ್‌ನ ಹಿಮದಲ್ಲಿ ಕಂಡ ದೊಡ್ಡ ಹೆಜ್ಜೆಗಳನ್ನು ವಿವರಿಸಿದರು. ಅನೇಕ ಟಿಬೆಟನ್ನರನ್ನು ವಿಚಾರಿಸಿದರೂ ಸ್ವತಃ ಕಂಡವರೊಬ್ಬರೂ ಸಿಗದೆ, ಅದು ಹಿಮಾಲಯದ ಕರಡಿಯೇ ಇರಬೇಕೆಂದರು. 1925ರಲ್ಲಿ ಎನ್. ಎ. ಟೊಂಬಾಜಿ ಸಿಕ್ಕಿಮ್‌ನ ಜೆಮು ಹಿಮನದಿಯ ಬಳಿ ಸುಮಾರು 15,000 ಅಡಿ ಎತ್ತರದಲ್ಲಿ ಮನುಷ್ಯಾಕಾರವೊಂದನ್ನು ಸುಮಾರು ಒಂದು ನಿಮಿಷ ಕಂಡುದಾಗಿ ಬರೆದರು. 1937ರಲ್ಲಿ ಪರ್ವತಾರೋಹಿ ಫ್ರಾಂಕ್ ಸ್ಮೈತ್ ಗಢವಾಲದ ಭ್ಯೂಂಡರ್ ಕಣಿವೆಯಲ್ಲಿ, ಅಂದರೆ ಇಂದಿನ ಹೂಗಳ ಕಣಿವೆಯಲ್ಲಿ, ಸಿಕ್ಕ ಹೆಜ್ಜೆಗಳನ್ನು ಅಳೆದು, ಚಿತ್ರ ತೆಗೆದು, ಜತೆಗಿದ್ದ ಶೆರ್ಪಾಗಳ ಹೇಳಿಕೆಯನ್ನೂ ದಾಖಲಿಸಿಕೊಂಡರು. ಲಂಡನ್ನಿನ ತಜ್ಞರು ಅವು ಕಂದು ಕರಡಿಯ ಹೆಜ್ಜೆಗಳೆಂದರು. ನಂಬಿದವರ ಮಾತು ಮತ್ತು ಪ್ರಾಣಿಶಾಸ್ತ್ರದ ಉತ್ತರ, ಎರಡನ್ನೂ ಒಂದೇ ಕಡೆ ಇಟ್ಟ ಈ ಮಾದರಿಯನ್ನು ಮುಂದಿನವರು ಹೆಚ್ಚಾಗಿ ಅನುಸರಿಸಲಿಲ್ಲ.

ಮೆನ್ಲುಂಗ್ ಹೆಜ್ಜೆ, 1951

1951ರ ನವೆಂಬರಿನಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್, ವೈದ್ಯ ಮೈಕೆಲ್ ವಾರ್ಡ್ ಮತ್ತು ಶೆರ್ಪಾ ಸೆನ್ ಟೆನ್ಸಿಂಗ್ ಮೆನ್ಲುಂಗ್ ಹಿಮನದಿಯ ಮೇಲೆ ಹೆಜ್ಜೆಸಾಲೊಂದನ್ನು ಕಂಡರು. ಹಿಮಗೊಡಲಿಯನ್ನು ಅಳತೆಗಿಟ್ಟು ತೆಗೆದ ಒಂಟಿ ಹೆಜ್ಜೆಯ ಚಿತ್ರ ಯೇತಿ ಚರ್ಚೆಯ ಅತ್ಯಂತ ಪ್ರಸಿದ್ಧ ಸಾಕ್ಷ್ಯವಾಯಿತು. ಸುಮಾರು 12–13 ಅಂಗುಲ ಉದ್ದದ ಆ ಗುರುತಿನಲ್ಲಿ ಅಗಲವಾದ ಹೆಬ್ಬೆರಳು ಎದ್ದು ಕಾಣುತ್ತದೆ.

ಆ ಚಿತ್ರದ ಜತೆ ಉದ್ದನೆಯ ಹೆಜ್ಜೆಸಾಲಿನ ಇನ್ನೊಂದು ಚಿತ್ರವನ್ನೂ ಪತ್ರಿಕೆಗಳು ಒಂದೇ ಜೀವಿಯದೆಂಬಂತೆ ಅಚ್ಚು ಹಾಕಿದವು. ಸಾಲಿನ ಚಿತ್ರ ಅದೇ ದಿನ ಮೊದಲು ಕಂಡ ಬೇರೆ ಪ್ರಾಣಿಯದು, ಬಹುಶಃ ಕಾಡುಮೇಕೆಯದು ಎಂದು ವಾರ್ಡ್ ಬಳಿಕ ಸ್ಪಷ್ಟಪಡಿಸಿದರು. ಅಷ್ಟರಲ್ಲಿ ಎರಡೂ ಚಿತ್ರಗಳನ್ನು ಕೂಡಿಸಿ ಹೆಜ್ಜೆಯ ಅಂತರ, ಎತ್ತರ, ತೂಕ ಲೆಕ್ಕಹಾಕುವ ಪ್ರಯತ್ನಗಳು ನಡೆದಿದ್ದವು. ಸ್ಥಳದಲ್ಲಿ ಯಾರೂ ಅಚ್ಚು ತೆಗೆದಿರಲಿಲ್ಲ. 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಡಬ್ಲ್ಯೂ. ಚೆರ್ನೆಜ್ಕಿ ಚಿತ್ರವನ್ನೇ ನೋಡಿ ಮಾಡಿದ ಪ್ಲಾಸ್ಟರ್ ಪಾದದ ಆಧಾರದ ಮೇಲೆ ಇದು ಅಪರಿಚಿತ ವಾನರದ್ದೆಂದು ವಾದಿಸಿದರು. ಲಂಡನ್ನಿನ ವಸ್ತುಸಂಗ್ರಹಾಲಯದ ತಜ್ಞರು ಲಂಗೂರ, ಅಂದರೆ ಮುಸುವ, ಮತ್ತು ಕರಡಿಯ ಕಡೆ ಬೆರಳು ತೋರಿದ್ದರು. ಆ ಹೆಜ್ಜೆಗೆ ಮುಸುವವೂ ಸರಿಯಾಗಿ ಹೊಂದುವುದಿಲ್ಲ. ಅಪನಂಬಿಕೆಯ ಪಕ್ಷವೂ ಅವಸರದ ಉತ್ತರ ಕೊಟ್ಟಿದ್ದಕ್ಕೆ ಇದೊಂದು ನಿದರ್ಶನ.

ಶಿಪ್ಟನ್ 1977ರಲ್ಲಿ ತೀರಿಕೊಂಡರು. 1989ರಲ್ಲಿ ಪತ್ರಕರ್ತ ಪೀಟರ್ ಗಿಲ್ಮನ್, ಆ ಒಂಟಿ ಗುರುತನ್ನು ಶಿಪ್ಟನ್ ಕೈಯಿಂದ ತಿದ್ದಿರಬಹುದು ಎಂದು ಬರೆದರು. ಆಗ ಜತೆಗೇ ಇದ್ದ ವಾರ್ಡ್ ಅದನ್ನು ತಳ್ಳಿಹಾಕಿ, ಬೆರಳು ವಿರೂಪಗೊಂಡ ಮನುಷ್ಯನ ಬರಿಗಾಲೂ ಅಂಥ ಗುರುತು ಮೂಡಿಸಬಲ್ಲದೆಂಬ ವೈದ್ಯಕೀಯ ವಿವರಣೆ ಕೊಟ್ಟರು. ಹಿಮ ಕರಗಿಹೋಗಿರುವುದರಿಂದ ಈ ವಿವಾದ ಇತ್ಯರ್ಥವಾಗಿಲ್ಲ.

ನೆತ್ತಿಚರ್ಮ ಮತ್ತು ಕೈ

ಎವರೆಸ್ಟ್ ತಪ್ಪಲಿನ ಖುಮ್ಜುಂಗ್ ಮತ್ತು ಪಂಗ್ಬೊಚೆ ಗೊಂಪಗಳಲ್ಲಿ ಯೇತಿಯದೆನ್ನುವ ಶಂಕುವಿನಾಕಾರದ ನೆತ್ತಿಚರ್ಮಗಳಿದ್ದವು. ಪಂಗ್ಬೊಚೆಯಲ್ಲಿ ಒಂದು ಕೈಯೂ ಇತ್ತು. 1954ರಲ್ಲಿ ಡೈಲಿ ಮೇಲ್ ಪತ್ರಿಕೆ ಕಳಿಸಿದ ತಂಡದಲ್ಲಿ ಭಾರತೀಯ ಪ್ರಾಣಿಶಾಸ್ತ್ರಜ್ಞ ಬಿಸ್ವಮಯ್ ಬಿಸ್ವಾಸ್ ಇದ್ದರು. ಆ ತಂಡ ತಂದ ಕೂದಲನ್ನು ಪರೀಕ್ಷಿಸಿದ ಅಂಗರಚನಾಶಾಸ್ತ್ರಜ್ಞ ಫ್ರೆಡರಿಕ್ ವುಡ್ ಜೋನ್ಸ್, ಅದು ನೆತ್ತಿಯದಲ್ಲ, ಗೊರಸುಳ್ಳ ಪ್ರಾಣಿಯ ಹೆಗಲಿನ ಚರ್ಮವಿರಬೇಕು ಎಂದರು.

1960ರಲ್ಲಿ ವರ್ಲ್ಡ್ ಬುಕ್ ವಿಶ್ವಕೋಶದ ನೆರವಿನಿಂದ ಎಡ್ಮಂಡ್ ಹಿಲರಿ ತನಿಖಾ ತಂಡ ಕಟ್ಟಿದರು. ನರಿಯಂಥ ಸಣ್ಣ ಪ್ರಾಣಿಗಳ ಹೆಜ್ಜೆಗಳು ಬಿಸಿಲಿಗೆ ಕರಗಿ ಒಂದಕ್ಕೊಂದು ಕೂಡಿಕೊಂಡು ದೊಡ್ಡ ಪಾದದಂತಾಗುವುದನ್ನು ತಂಡ ಕಂಡಿತು. ಖುಮ್ಜುಂಗ್‌ನ ಹಿರಿಯರು ತಮ್ಮ ನೆತ್ತಿಚರ್ಮವನ್ನು ಆರು ವಾರಗಳ ಗಡುವಿಟ್ಟು, ಊರಿನ ಖುಮ್ಜೊ ಚುಂಬಿಯನ್ನು ಕಾವಲಿಗೆ ಕಳಿಸಿ ಎರವಲು ಕೊಟ್ಟರು. ಅದು ಷಿಕಾಗೊ, ಪ್ಯಾರಿಸ್, ಲಂಡನ್ ಸುತ್ತಿ ಬಂತು. ಸೆರೋ ಎಂಬ ಕಾಡುಮೇಕೆಯ ಹೆಗಲ ಚರ್ಮವನ್ನು ಅಚ್ಚಿಗೆ ಎಳೆದು ಅದನ್ನು ಮಾಡಿದೆಯೆಂದು ತೀರ್ಮಾನವಾಯಿತು. ತಂಡ ಅದೇ ರೀತಿಯಲ್ಲಿ ಪ್ರತಿಕೃತಿ ಮಾಡಿಯೂ ತೋರಿಸಿತು. ಅಪರಿಚಿತ ಪ್ರಾಣಿಗಳ ಅಸ್ತಿತ್ವದ ಪರ ವಾದಿಸುತ್ತಿದ್ದ ಬರ್ನಾರ್ಡ್ ಹ್ಯೂವೆಲ್‌ಮನ್ಸ್ ಕೂಡ ಅದು ಸೆರೋ ಎಂದೇ ಗುರುತಿಸಿದರು. ಗೊಂಪಗಳಲ್ಲಿ ಈ ಚರ್ಮಗಳು ಧಾರ್ಮಿಕ ವಿಧಿಗಳಿಗೆ ಬಳಕೆಯಾಗುತ್ತಿದ್ದ ವಸ್ತುಗಳು. ಆದ್ದರಿಂದ ‘ನಕಲಿ’ ಎಂಬ ಪದ ಅವುಗಳಿಗೆ ಸಲ್ಲದು; ಪ್ರಯೋಗಾಲಯದ ಪ್ರಶ್ನೆಗೆ ಉತ್ತರವಾಗಲೆಂದು ಅವನ್ನು ಯಾರೂ ಮಾಡಿರಲಿಲ್ಲ.

ಕೈಯ ಕಥೆ ಇಷ್ಟು ಸರಳವಲ್ಲ. ಅಮೆರಿಕದ ತೈಲೋದ್ಯಮಿ ಟಾಮ್ ಸ್ಲಿಕ್ 1957ರಿಂದ 1959ರವರೆಗೆ ನಡೆಸಿದ ಶೋಧಗಳಲ್ಲಿದ್ದ ಪೀಟರ್ ಬರ್ನ್, ಪಂಗ್ಬೊಚೆ ಕೈಯ ಬೆರಳನ್ನು ತೆಗೆದು ಆ ಜಾಗಕ್ಕೆ ಮನುಷ್ಯನ ಮೂಳೆ ಸೇರಿಸಿದರು. ತೆಗೆದದ್ದನ್ನು ಭಾರತದಿಂದ ಲಂಡನ್ನಿಗೆ ಸಾಮಾನಿನೊಳಗೆ ಸಾಗಿಸಿದವರು ಹಾಲಿವುಡ್ ನಟ ಜೇಮ್ಸ್ ಸ್ಟುವರ್ಟ್ ಮತ್ತು ಅವರ ಪತ್ನಿ. ಹೀಗಾಗಿ 1960ರಲ್ಲಿ ಹಿಲರಿಯ ತಂಡ ಪರಿಶೀಲಿಸಿದ್ದು ಆಗಲೇ ಬದಲಾಗಿದ್ದ ಕೈಯನ್ನು. ಅದರಲ್ಲಿ ಮನುಷ್ಯನ ಮೂಳೆಗಳಿವೆ ಎಂದ ಅವರ ವರದಿಗೆ ಈ ಹಿನ್ನೆಲೆ ಗೊತ್ತಿರಲಿಲ್ಲ. ಬೆರಳು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಗ್ರಹದಲ್ಲಿ ದಶಕಗಳ ಕಾಲ ಕೂತಿತ್ತು. 2011ರಲ್ಲಿ ಎಡಿನ್‌ಬರೋದಲ್ಲಿ ನಡೆದ ಡಿಎನ್‌ಎ ಪರೀಕ್ಷೆ ಅದನ್ನು ಮನುಷ್ಯನ ಬೆರಳೆಂದು ತಿಳಿಸಿತು. ಹಿಲರಿಯ ತೀರ್ಮಾನ ಸರಿಯಿತ್ತು. ಅದಕ್ಕೆ ಆಧಾರವಾಗಿದ್ದ ವಸ್ತು ಮಾತ್ರ ಕೆಟ್ಟಿತ್ತು.

ಇದೇ ಅವಧಿಯಲ್ಲಿ, 1958ರಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿ ಇತಿಹಾಸಕಾರ ಬೊರಿಸ್ ಪೋರ್ಶ್ನೆವ್ ಒತ್ತಾಯದಿಂದ ಪಾಮೀರಿಗೆ ಕಳಿಸಿದ ಶೋಧತಂಡ ಬರಿಗೈಲಿ ಮರಳಿತು. 1959ರ ನವೆಂಬರಿನಲ್ಲಿ ಕಠ್ಮಂಡುವಿನ ಅಮೆರಿಕನ್ ರಾಯಭಾರ ಕಚೇರಿ ದಾಖಲಿಸಿದಂತೆ, ಯೇತಿ ಶೋಧಕ್ಕೆ ನೇಪಾಳ ಸರ್ಕಾರ 5,000 ಭಾರತೀಯ ರೂಪಾಯಿ ಶುಲ್ಕ ನಿಗದಿಮಾಡಿ, ಆತ್ಮರಕ್ಷಣೆಗಲ್ಲದೆ ಕೊಲ್ಲುವುದನ್ನು ನಿಷೇಧಿಸಿತ್ತು.

‘ಮಹಾಪಲಾಯನ’ದ ಮೂಲಕೃತಿ

ಕನ್ನಡ ಓದುಗರಿಗೆ ಈ ಚರ್ಚೆಯೊಂದಿಗೆ ನೇರ ಸಂಬಂಧವಿರುವುದು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ‘ಮಹಾಪಲಾಯನ’ದ ಮೂಲಕ. ಅದರ ಮೂಲ ಸ್ಲಾವೊಮಿರ್ ರಾವಿಚ್ ಅವರ 1956ರ ‘ದ ಲಾಂಗ್ ವಾಕ್’. ಸೈಬೀರಿಯದ ಸೆರೆಶಿಬಿರದಿಂದ ತಪ್ಪಿಸಿಕೊಂಡು ಗೋಬಿ ಮರುಭೂಮಿ, ಟಿಬೆಟ್, ಹಿಮಾಲಯ ದಾಟಿ ಭಾರತ ಸೇರಿದ ಆ ಕಥನದಲ್ಲಿ, ಹಿಮಾಲಯದಲ್ಲಿ ಎರಡು ದೈತ್ಯ ಜೀವಿಗಳನ್ನು ಬಹಳ ಹೊತ್ತು ಹತ್ತಿರದಿಂದ ಕಂಡ ಪ್ರಸಂಗವಿದೆ. ಅದನ್ನು ಬರಹಕ್ಕಿಳಿಸಿದ ರೊನಾಲ್ಡ್ ಡೌನಿಂಗ್ ಡೈಲಿ ಮೇಲ್ ಪತ್ರಕರ್ತ. ಆ ಪತ್ರಿಕೆಯ ಯೇತಿ ಶೋಧದ ಹಿನ್ನೆಲೆಯಲ್ಲೇ ಅವರು ರಾವಿಚ್‌ರನ್ನು ಕಂಡದ್ದು. ಪರ್ವತಾರೋಹಿಗಳು ಮೊದಲಿನಿಂದಲೂ ಕಥನದ ಭೂಗೋಳವನ್ನು ಪ್ರಶ್ನಿಸುತ್ತಿದ್ದರು. 2006ರಲ್ಲಿ ಬಿಬಿಸಿ ಪ್ರಕಟಿಸಿದ ಸೋವಿಯತ್ ದಾಖಲೆಗಳ ಪ್ರಕಾರ ರಾವಿಚ್ 1942ರಲ್ಲಿ ಬಿಡುಗಡೆ ಹೊಂದಿ ಪೋಲಿಷ್ ಸೇನೆಯ ಜತೆ ಇರಾನಿಗೆ ತೆರಳಿದ್ದರು. ಅದೇ ಹಾದಿಯನ್ನು ಬೇರೊಬ್ಬರು ನಡೆದಿರಬಹುದೆಂಬ ವಾದ ಇನ್ನೂ ಇದೆ. ಯೇತಿ ಪ್ರಸಂಗಕ್ಕೆ ಮಾತ್ರ ಸಾಕ್ಷ್ಯದ ಬೆಲೆ ಉಳಿದಿಲ್ಲ.

ಛಾಯಾಚಿತ್ರ ಮತ್ತು ಕರಡಿ

1986ರ ಮಾರ್ಚ್‌ನಲ್ಲಿ ಆಂಥೊನಿ ವುಲ್ಡ್‌ರಿಜ್ ಗಢವಾಲದ ಹೇಮಕುಂಡದ ಸಮೀಪ ಹಿಮದಲ್ಲಿ ನಿಂತ ಜೀವಿಯೊಂದರ ಚಿತ್ರ ತೆಗೆದರು. ಮರುವರ್ಷ ಅದೇ ಜಾಗದ ಚಿತ್ರಗಳನ್ನು ಅಳೆದು ನೋಡಿದಾಗ ಅದು ಬಂಡೆಯೆಂದು ಗೊತ್ತಾಯಿತು. ಅವರೇ ಅದನ್ನು ಬಹಿರಂಗವಾಗಿ ಒಪ್ಪಿಕೊಂಡರು. ಈ ಇತಿಹಾಸದಲ್ಲಿ ಅಂಥ ಒಪ್ಪಿಗೆಗಳು ವಿರಳ, ಆದ್ದರಿಂದ ದಾಖಲಾರ್ಹ. 1986ರಲ್ಲೇ ಟಿಬೆಟ್‌ನಲ್ಲಿ ಅಪರಿಚಿತ ಪ್ರಾಣಿಯನ್ನು ಎದುರುಗೊಂಡ ಪರ್ವತಾರೋಹಿ ರೈನ್‌ಹೋಲ್ಡ್ ಮೆಸ್ನರ್, ವರ್ಷಗಳ ಹುಡುಕಾಟದ ಬಳಿಕ 1998ರ ಪುಸ್ತಕದಲ್ಲಿ ಯೇತಿ ಎಂದರೆ ಟಿಬೆಟ್ಟಿನ ಕರಡಿ ಎಂದರು. 1983ರಿಂದ ನೇಪಾಳದ ಬರುಣ್ ಕಣಿವೆಯಲ್ಲಿ ಕೆಲಸ ಮಾಡಿದ ಡೇನಿಯಲ್ ಟೇಲರ್, ಕರಡಿಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಬಿದ್ದಾಗ ಹೆಬ್ಬೆರಳಿನಂಥ ಆಕಾರ ಮೂಡುವುದನ್ನು ವಿವರಿಸಿದರು.

ಡಿಎನ್‌ಎ ಯುಗ

2008ರಲ್ಲಿ ಮೇಘಾಲಯದ ಗಾರೋ ಬೆಟ್ಟಗಳಲ್ಲಿ ಇದೆಯೆಂದು ನಂಬಲಾದ, ಯೇತಿಯಂಥ ‘ಮಂದೆ ಬುರುಂಗ್’ನದೆನ್ನಲಾದ ಕೂದಲು ಬ್ರಿಟನ್ನಿಗೆ ಹೋಯಿತು. ಸೂಕ್ಷ್ಮದರ್ಶಕದಡಿ ಅದು ಯಾವ ಪರಿಚಿತ ಪ್ರಾಣಿಗೂ ಹೊಂದಲಿಲ್ಲವೆಂಬ ಸುದ್ದಿ ಮೊದಲು ಹಬ್ಬಿತು. ಬಳಿಕ ಡಿಎನ್‌ಎ ಪರೀಕ್ಷೆ ಅದು ಗೋರಲ್ ಎಂಬ ಮೇಕೆಜಾತಿಯ ಪ್ರಾಣಿಯದೆಂದಿತು.

ದೊಡ್ಡ ತಿರುವು 2014ರದು. ಆಕ್ಸ್‌ಫರ್ಡ್‌ನ ಬ್ರಯಾನ್ ಸೈಕ್ಸ್ ಜಗತ್ತಿನ ನಾನಾ ಕಡೆಯಿಂದ ತರಿಸಿದ ಮಾದರಿಗಳಲ್ಲಿ 30ರಿಂದ ಡಿಎನ್‌ಎ ಪಡೆದರು. ಬಹುಪಾಲು ಕರಡಿ, ಕುದುರೆ, ದನ, ನಾಯಿಯಂಥ ಪರಿಚಿತ ಪ್ರಾಣಿಗಳವು. ಲಡಾಖ್ ಮತ್ತು ಭೂತಾನದ ಎರಡು ಮಾದರಿಗಳು ಮಾತ್ರ 40,000 ವರ್ಷಕ್ಕೂ ಹಳೆಯ ಹಿಮಕರಡಿಯ ಪಳೆಯುಳಿಕೆಗೆ ನೂರಕ್ಕೆ ನೂರು ಹೊಂದಿದವೆಂದು ಅವರು ಪ್ರಕಟಿಸಿದರು. ಹಿಮಾಲಯದಲ್ಲಿ ಅಜ್ಞಾತ ಕರಡಿ ಎಂಬ ಸುದ್ದಿ ಎಲ್ಲೆಡೆ ಹರಡಿತು. ಸೈಕ್ಸ್ ತಮ್ಮ ಅನುಕ್ರಮಗಳನ್ನು ಸಾರ್ವಜನಿಕ ಜೀನ್ ಬ್ಯಾಂಕಿನಲ್ಲಿ ಇಟ್ಟಿದ್ದರಿಂದ ಕೈರಿಡ್ವೆನ್ ಎಡ್ವರ್ಡ್ಸ್ ಮತ್ತು ರಾಸ್ ಬಾರ್ನೆಟ್ ಅವನ್ನು ಮತ್ತೆ ನೋಡಿದರು. ಹೋಲಿಕೆ ಪಳೆಯುಳಿಕೆಗಲ್ಲ, ಇಂದಿನ ಹಿಮಕರಡಿಗೆ. ಅದೂ ಹಾಳಾದ ಡಿಎನ್‌ಎಯಿಂದ ಆದ ಭ್ರಮೆ ಇರಬಹುದು ಎಂದರು. 2015ರಲ್ಲಿ ಇನ್ನೊಂದು ಅಧ್ಯಯನ, ಅಷ್ಟು ಚಿಕ್ಕ ತುಣುಕು ಸಾಮಾನ್ಯ ಕಂದು ಕರಡಿಯಿಂದಲೂ ಬರಬಲ್ಲದೆಂದು ತೋರಿಸಿತು. ಪಳೆಯುಳಿಕೆಯ ಹೋಲಿಕೆಯಲ್ಲಾದ ತಪ್ಪನ್ನು ಸೈಕ್ಸ್ ಒಪ್ಪಿಕೊಂಡರು.

2017ರಲ್ಲಿ ಶಾರ್ಲಟ್ ಲಿಂಡ್‌ಕ್ವಿಸ್ಟ್ ನೇತೃತ್ವದ ತಂಡ ಹಿಮಾಲಯ ಮತ್ತು ಟಿಬೆಟ್ ಸೀಮೆಯ 24 ಮಾದರಿಗಳನ್ನು ಪರೀಕ್ಷಿಸಿತು. ಯೇತಿಯವೆನ್ನಲಾದ ಒಂಬತ್ತರಲ್ಲಿ ಎಂಟು ಕರಡಿಗಳವು, ಒಂದು ನಾಯಿಯದು. ಹಿಮಾಲಯದ ಕಂದು ಕರಡಿ ಉಳಿದ ಕಂದು ಕರಡಿಗಳಿಂದ ಸುಮಾರು 6.5 ಲಕ್ಷ ವರ್ಷಗಳ ಹಿಂದೆ ಬೇರಾದ ಪ್ರಾಚೀನ ಕವಲು ಎಂಬುದೂ ಅದೇ ಅಧ್ಯಯನದಲ್ಲಿ ಹೊರಬಿತ್ತು. ಅಳಿವಿನಂಚಿನಲ್ಲಿರುವ ಈ ಪ್ರಾಣಿಯ ವಂಶಚರಿತ್ರೆ ಯೇತಿ ಶೋಧ ಕೊಟ್ಟ ಅತಿ ಗಟ್ಟಿಯಾದ ಫಲ.

2019ರ ಏಪ್ರಿಲ್ 29ರಂದು ಭಾರತೀಯ ಸೇನೆ, ಮಕಾಲು ತಳಶಿಬಿರದ ಬಳಿ ತನ್ನ ಪರ್ವತಾರೋಹಿಗಳು 32×15 ಅಂಗುಲದ ಯೇತಿ ಹೆಜ್ಜೆಗಳನ್ನು ಕಂಡರೆಂದು ಟ್ವೀಟ್ ಮಾಡಿತು. ಅವು ಕರಡಿಯ ಹೆಜ್ಜೆಗಳೆಂದು ನೇಪಾಳದ ಸೇನೆ ಹೇಳಿತು. ಟೇಲರ್ ದಶಕಗಳ ಕಾಲ ಕರಡಿಯ ಹೆಜ್ಜೆಗಳನ್ನು ಅಧ್ಯಯನ ಮಾಡಿದ ಬರುಣ್ ಕಣಿವೆ ಅದೇ ಮಕಾಲುವಿನ ತಪ್ಪಲಿನಲ್ಲಿದೆ.

ಸಾಕ್ಷ್ಯಗಳ ಈಗಿನ ನೆಲೆ

ಮೆನ್ಲುಂಗ್ ಹೆಜ್ಜೆ ಚಿತ್ರದಲ್ಲಷ್ಟೇ ಉಳಿದಿದೆ. ಪಂಗ್ಬೊಚೆಯ ಕೈ 1990ರ ದಶಕದಲ್ಲಿ ಕಳುವಾಯಿತು. 2011ರಲ್ಲಿ ನ್ಯೂಜಿಲೆಂಡಿನಲ್ಲಿ ತಯಾರಾದ ಪ್ರತಿಕೃತಿಯನ್ನು ಗೊಂಪಕ್ಕೆ ಒಪ್ಪಿಸಲಾಯಿತು. ಖುಮ್ಜುಂಗ್‌ನ ನೆತ್ತಿಚರ್ಮ ತನ್ನ ಗೊಂಪದಲ್ಲೇ ಇದೆ, ಭಕ್ತರೂ ಪ್ರವಾಸಿಗಳೂ ನೋಡುತ್ತಾರೆ. ಮಾದರಿಗಳ ಡಿಎನ್‌ಎ ಅನುಕ್ರಮಗಳು ಜೀನ್ ಬ್ಯಾಂಕಿನಲ್ಲಿವೆ. ನಂಬುವವರು, ನಂಬದವರು ಯಾರೇ ಆಗಲಿ, ಇಂದೂ ಕೈಗೆತ್ತಿಕೊಂಡು ಮೊದಲಿನಿಂದ ಪರೀಕ್ಷಿಸಬಹುದಾದ ಸಾಕ್ಷ್ಯ ಅದೊಂದೇ. ಅದು ಹೇಳುವ ಉತ್ತರ, ಶೆರ್ಪಾಗಳ ‘ತೆ’ಯಲ್ಲಿ ಮೊದಲಿನಿಂದಲೂ ಇತ್ತು.