ಉದ್ರಿಯ ವ್ಯಾಪಾರವೂ ನ್ಯಾಯಸ್ಥಾನವೂ

1986ರಲ್ಲಿ ವಿಯೆಟ್ನಾಂ ದೇಶವು ‘ದೊಯ್ ಮೊಯ್’ ಎಂಬ ನವೀಕರಣ ನೀತಿಯನ್ನು ಕೈಕೊಂಡು, ಅದುವರೆಗೆ ಮುಚ್ಚಿದ್ದ ಖಾಸಗಿ ವಾಣಿಜ್ಯದ ಬಾಗಿಲನ್ನು ಕ್ರಮವಾಗಿ ತೆರೆಯಿತು. ಖಾಸಗಿ ಉದ್ಯಮಗಳಿಗೆ ಮನ್ನಣೆಯಿತ್ತ ಕಾನೂನುಗಳು ಅಂಗೀಕೃತವಾದುದು 1990ರಲ್ಲಿ. ಆರ್ಥಿಕ ವ್ಯಾಜ್ಯಗಳಿಗೆಂದೇ ನ್ಯಾಯಸ್ಥಾನಗಳು ಏರ್ಪಟ್ಟುದು 1994ರಲ್ಲಿ. ವ್ಯಾಪಾರವಾದರೋ ಇವುಗಳಿಗಾಗಿ ಕಾದಿರಲಿಲ್ಲ. ಸರಕು ಉದ್ರಿಯಾಗಿ ಕೈಯಿಂದ ಕೈಗೆ ಸಾಗುತ್ತಲೇ ಇದ್ದಿತು. ‘ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ’ ಎಂಬ ನಮ್ಮ ಗಾದೆಯು ಅಲ್ಲಿ ಏತಕ್ಕೆ ನಿಜವಾಗಲಿಲ್ಲ?

ನ್ಯೂಜಿಲೆಂಡಿನಲ್ಲಿ ಜನಿಸಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಅರ್ಥಶಾಸ್ತ್ರಜ್ಞ ಜಾನ್ ಮೆಕ್‌ಮಿಲನ್ನರು (1951–2007) ಕ್ರಿಸ್ಟೋಫರ್ ವುಡ್ರಫ್ಫರೊಡನೆ ಈ ಪ್ರಶ್ನೆಯನ್ನೆತ್ತಿಕೊಂಡರು. ಹನೋಯ್ ಮತ್ತು ಹೊ ಚಿ ಮಿನ್ ನಗರಗಳ ಖಾಸಗಿ ಉದ್ಯಮಿಗಳನ್ನು ವಿಚಾರಿಸಿ ಅವರು 1999ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ನ್ಯಾಯಸ್ಥಾನವನ್ನು ನಂಬಿದವರು ಅತ್ಯಲ್ಪ. ಗಿರಾಕಿಗೆ ಬೇರೊಬ್ಬ ಸರಬರಾಜುದಾರನು ಸುಲಭವಾಗಿ ದೊರೆಯದಿದ್ದರೆ, ಅವನ ನಡತೆಯನ್ನು ಮೊದಲೇ ವಿಚಾರಿಸಿಕೊಂಡಿದ್ದರೆ, ಅಥವಾ ವರ್ತಕರ ಬಳಗದಿಂದ ಅವನ ಸಮಾಚಾರ ತಿಳಿಯುವಂತಿದ್ದರೆ ಉದ್ರಿಯು ಹೆಚ್ಚುತ್ತಿದ್ದಿತು. ಪರಿಚಯವು ಹಳೆಯದಾದಷ್ಟೂ ಸಾಲವು ದೊಡ್ಡದು.

ಇಷ್ಟರಿಂದಲೇ ನ್ಯಾಯಸ್ಥಾನವು ಅನಾವಶ್ಯಕವೆಂದು ಬಗೆದರೆ ಅವಸರದ ತೀರ್ಮಾನವಾದೀತು. ಸೈಮನ್ ಜಾನ್ಸನ್ನರನ್ನೂ ಕೂಡಿಕೊಂಡು ಇವರು ಪೋಲೆಂಡ್, ಸ್ಲೊವಾಕಿಯ, ರುಮೇನಿಯ, ರಷ್ಯ, ಉಕ್ರೇನ್ ಈ ಐದು ದೇಶಗಳ ಉದ್ಯಮಿಗಳನ್ನು 1997ರಲ್ಲಿ ಪ್ರಶ್ನಿಸಿದರು. ಪ್ರಶ್ನೆಗಳಲ್ಲೊಂದು ಬಹು ಸರಳವಾದುದು: ಹಿಂದೆಂದೂ ವ್ಯವಹರಿಸದ ಹೊಸಬನು ಅದೇ ಸರಕನ್ನು ನೂರಕ್ಕೆ 10ರಷ್ಟು ಅಗ್ಗವಾಗಿ ಕೊಡುವೆನೆಂದರೆ ಹಳಬನನ್ನು ಬಿಡುವಿರಾ? ಒಂದು ದೇಶದೊಳಗೇ, ನ್ಯಾಯಸ್ಥಾನದಲ್ಲಿ ವಿಶ್ವಾಸವುಳ್ಳವರು ಹೊಸಬನನ್ನು ಪರೀಕ್ಷಿಸಲು ಹೆಚ್ಚು ಸಿದ್ಧರಾಗಿದ್ದರು; ಹೊಸ ಗಿರಾಕಿಗೆ ಉದ್ರಿ ಕೊಡುವುದರಲ್ಲಿಯೂ ಹಾಗೆಯೇ. ಹಳೆಯ ಸಂಬಂಧಗಳಿಗೆ ಮಾತ್ರ ಆ ವಿಶ್ವಾಸದಿಂದ ವಿಶೇಷ ವ್ಯತ್ಯಾಸವಾಗಲಿಲ್ಲ. ಎಂದರೆ, ನ್ಯಾಯಾಧೀಶನ ಉಪಯೋಗವು ಮಿತ್ರರಿಗಿಂತ ಅಪರಿಚಿತರಿಗೆ ಹೆಚ್ಚು. ಅವನಿಲ್ಲದ ಪೇಟೆಯು ನಡೆಯದೆ ನಿಲ್ಲುವುದಿಲ್ಲ. ಆದರೆ ಅಲ್ಲಿ ಬಳಗವಿಲ್ಲದವನ ಸರಕು ಅಗ್ಗವಾಗಿದ್ದರೂ ಮಾರಾಟವಾಗದೆ ಉಳಿಯಬಹುದು. ಬಳಗದ ನೀತಿಯನ್ನು ಕೊಂಡಾಡುವವರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದು ಅಪೂರ್ವ.

ಇಲ್ಲಿ ಅಳೆದದ್ದು ಉದ್ಯಮಿಗಳ ನಂಬಿಕೆಯನ್ನೇ ಹೊರತು ನ್ಯಾಯಸ್ಥಾನದ ತೀರ್ಪುಗಳನ್ನಲ್ಲವೆಂಬ ಆಕ್ಷೇಪಣೆಯು ಸಹಜವೇ. ಆದರೆ ಉದ್ರಿ ಕೊಡುವವನು ನಡೆಯುವುದು ತನ್ನ ನಂಬಿಕೆಯಂತೆಯೆ.

ಅದೇ ವಿಚಾರಣೆಯಿಂದ 2002ರಲ್ಲಿ ಹೊರಟ ಇನ್ನೊಂದು ಲೇಖನವು ಸ್ವತ್ತಿನ ಭದ್ರತೆಯನ್ನು ಕುರಿತದ್ದು. ತನ್ನ ಸ್ವತ್ತು ಸುರಕ್ಷಿತವಲ್ಲವೆಂದು ಶಂಕಿಸಿದ ಉದ್ಯಮಿಯು ಲಾಭವನ್ನು ಮರಳಿ ಉದ್ಯಮದಲ್ಲಿ ತೊಡಗಿಸಲು ಹಿಂಜರಿಯುತ್ತಿದ್ದನು. ಲಂಚದ ಪೀಡೆಯು ಹೆಚ್ಚಾಗಿದ್ದ ರಷ್ಯ ಮತ್ತು ಉಕ್ರೇನುಗಳಲ್ಲಿ ಈ ಶಂಕೆಯು ಬಲವಾಗಿದ್ದಿತು. ಬ್ಯಾಂಕಿನ ಸಾಲ ದೊರೆಯುವಂತಿದ್ದರೂ ಅಂಥವನ ಹಿಂಜರಿಕೆಯು ಹೋಗುತ್ತಿರಲಿಲ್ಲ.